ಆಡು ಕಟ್ಟಿದ ಗೂಟ

ಪಚ್ಚೆಭೂಪಾಲ ಪಟ್ಟಕ್ಕೆ ಬಂದ ಹನ್ನೊಂದನೆಯ ವರ್ಷ, ಮುಂಗಾರಿನ ಭತ್ತದ ಕಾಲದಲ್ಲಿ ಇದು ನಡೆಯಿತು.

ಒಂದು ರಾಜ್ಯ. ಅದರ ಹೆಸರು ಪಚ್ಚೆಕೋಟೆ. ಅಲ್ಲೊಬ್ಬ ರಾಜ. ರಾಜನಿಗೊಂದು ಆನೆ. ಆನೆಯ ಮೇಲೆ ಕೂತರೆ ಊರೆಲ್ಲ ಕಾಣುತ್ತದೆ, ಊರಿನ ಕೆಸರು ಕಾಣುವುದಿಲ್ಲ. ಪಚ್ಚೆಭೂಪಾಲ ಬೇಸಾಯ ಕಲಿತದ್ದು ಆ ಆನೆಯ ಮೇಲೆ ಕೂತು. ಅವನ ಮಟ್ಟಿಗೆ ಭತ್ತ ಎಂದರೆ ಒಂದು ಬಣ್ಣ.

ಆ ರಾಜ್ಯದಲ್ಲಿ ಹಸಿರು ಸವಾರಿ ಎಂಬ ಪದ್ಧತಿ ಇತ್ತು. ಪೈರಿನ ಹೊಟ್ಟೆಯಲ್ಲಿ ತೆನೆ ಕಟ್ಟುವ ಹೊತ್ತಿಗೆ ರಾಜ ಆನೆ ಏರಿ ಹೊರಡುತ್ತಿದ್ದ. ಆನೆಯ ಮುಂದೆ ಒಬ್ಬ ಸೇವಕ ಉದ್ದನೆಯ ಕೋಲಿಗೆ ಹಸಿರು ರೇಷ್ಮೆಯ ಪಟ್ಟೆ ಕಟ್ಟಿಕೊಂಡು ನಡೆಯುತ್ತಿದ್ದ. ಪಟ್ಟೆಯ ಬಣ್ಣ ಕಡು ಹಸಿರು. ಇನ್ನೊಂದು ಅದ್ದು ಅದ್ದಿದ್ದರೆ ಕಪ್ಪೇ ಆಗುತ್ತಿತ್ತು. ಪ್ರತಿ ಗದ್ದೆಯ ಮುಂದೆ ಆ ಪಟ್ಟೆ ಹಿಡಿಯಬೇಕು. ಪಟ್ಟೆಗೆ ಸರಿಹೊಂದಿದ ಗದ್ದೆಯ ಒಡೆಯನಿಗೆ ಜರಿ ರುಮಾಲು. ಎಲ್ಲಕ್ಕಿಂತ ತಿಳಿ ಬಣ್ಣದ ಗದ್ದೆಯನ್ನು ಅದರ ಒಡೆಯನಿಂದ ಕಿತ್ತು ರುಮಾಲಿನವನಿಗೆ ಕೊಡಬೇಕು. ಸೋಮಾರಿಗಳ ಕೈಯಲ್ಲಿ ಭೂಮಿ ಇರಬಾರದು ಎಂದು ರಾಜನ ಅಜ್ಜ ಮಾಡಿದ ಕಟ್ಟಳೆ ಅದು. ಅಜ್ಜನೂ ಆನೆಯಿಂದ ಇಳಿದವನಲ್ಲ.

ಸವಾರಿ ಮುಗಿದ ಮಾರನೆಯ ದಿನ ರಾಜ ಬೆಟ್ಟದ ಅರಮನೆಗೆ ಹೋಗಿಬಿಡುತ್ತಿದ್ದ. ಕೊಯ್ಲು, ಕಣ, ತೂರುವುದು, ಯಾವುದನ್ನೂ ಅವನು ಕಂಡಿರಲಿಲ್ಲ. ಎಲೆ ನೋಡಿದ್ದ. ಕಾಳು ನೋಡಿರಲಿಲ್ಲ.

ರಾಜ ಎಲೆ ನೋಡುತ್ತಾನೆ ಎಂದು ಗೊತ್ತಾದ ಮೇಲೆ ಪ್ರಜೆಗಳೂ ಎಲೆಯನ್ನೇ ಬೆಳೆಯತೊಡಗಿದರು. ಎಲೆ ಕಡು ಹಸಿರಾಗಲು ಯೂರಿಯಾ ಬೇಕು. ಅಲ್ಲಿಯವರು ಅದನ್ನು ಬಿಳಿ ಗೊಬ್ಬರ ಎನ್ನುತ್ತಿದ್ದರು. ನಾಟಿ ಬೇರು ಹಿಡಿಯಲಿ ಎಂದು ಒಂದು ಸಲ ಹಾಕಿದರು. ಹಸಿರು ಏರಲಿ ಎಂದು ಇನ್ನೊಂದು ಸಲ ಹಾಕಿದರು. ಪಕ್ಕದವನು ಹಾಕಿದ ಎಂದು ಮತ್ತೊಂದು ಸಲ ಹಾಕಿದರು. ಮೂರನೆಯ ಸಲದ್ದೇ ಎಲ್ಲಕ್ಕಿಂತ ಹೆಚ್ಚು ಇರುತ್ತಿತ್ತು.

ಎಲೆ ಕಪ್ಪಗಾಯಿತು. ಎಲೆ ಮೆತ್ತಗಾದ್ದರಿಂದ ಜಿಗಿಹುಳು ಬಂತು, ಬೆಂಕಿ ರೋಗ ಬಂತು. ದಂಟು ಸೊರಗಿ ಉದ್ದವಾದ್ದರಿಂದ ಗಾಳಿ ಬೀಸಿದ ಕೂಡಲೇ ಪೈರು ಮಲಗಿತು. ಬಾವಿಯ ನೀರು ಕೆಟ್ಟಿತು. ಊರವರು ಕೂತು ವಿಚಾರ ಮಾಡಿದರು. ಒಬ್ಬ ಕೆಟ್ಟ ಕಣ್ಣು ಅಂದ. ಒಬ್ಬ ಮಳೆ ನಕ್ಷತ್ರ ಅಂದ. ಒಬ್ಬ ಪಕ್ಕದೂರಿನವರ ಮಾಟ ಅಂದ. ಅವರು ವಿಚಾರ ಮಾಡುತ್ತ ಕೂತಿದ್ದದ್ದು ಗೊಬ್ಬರದ ಚೀಲಗಳ ಮೇಲೆಯೇ. ಆದರೂ ಚೀಲದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಈ ಚೀಲಗಳೆಲ್ಲ ಒಬ್ಬನ ಉಗ್ರಾಣದಿಂದ ಬರುತ್ತಿದ್ದವು. ಅವನು ದಿವಾನ ಭರಮಣ್ಣ. ಚೀಲ ಹೊರಗೆ ಹೋದಷ್ಟೂ ಅವನ ಮನೆ ಮೇಲೆ ಏರುತ್ತಿತ್ತು. ರಸ್ತೆ ಬದಿಯ ದೊಡ್ಡ ಗದ್ದೆ ಅವನದು. ಉಗ್ರಾಣವೇ ಅವನದಾಗಿದ್ದರಿಂದ ಎಲ್ಲರಿಗಿಂತ ಹೆಚ್ಚು ಸುರಿಯುತ್ತಿದ್ದವನೂ ಅವನೇ. ಹತ್ತು ಸವಾರಿಯಲ್ಲಿ ಹತ್ತು ರುಮಾಲು ಅವನಿಗೇ ಬಂದಿದ್ದವು. ಹತ್ತು ಮಂದಿಯ ಗದ್ದೆಗಳೂ ಅವನ ಬದುವಿನೊಳಗೆ ಸೇರಿದ್ದವು.

ಹನ್ನೊಂದನೆಯದಾಗಿ ಅವನ ಕಣ್ಣು ತಿಪ್ಪವ್ವನ ಗದ್ದೆಯ ಮೇಲಿತ್ತು.

ತಿಪ್ಪವ್ವನದು ಕಾಲುವೆ ತಲೆಯ ಎರಡು ಎಕರೆ. ಒಂದು ಕಾಲಕ್ಕೆ ಅದು ಬರೀ ಕಲ್ಲು. ಅವಳ ಅವ್ವ ಕಲ್ಲು ಆರಿಸಿ ಆರಿಸಿ ಗದ್ದೆ ಮಾಡಿದ್ದಳು. ಆರಿಸಿದ ಕಲ್ಲಿನಿಂದಲೇ ಬದು ಕಟ್ಟಿದ್ದಳು. ಅದಕ್ಕೆ ಕಲ್ಲುಮಡಿ ಎಂದೇ ಹೆಸರು. ತಿಪ್ಪವ್ವನಿಗೆ ಅದನ್ನು ಬಿಟ್ಟರೆ ಬೇರೆ ಹೊಲ ಇಲ್ಲ, ಮನೆಯಲ್ಲಿ ಬೇರೆ ದುಡಿಯುವವರಿಲ್ಲ. ಬಾಯಿ ಮಾತ್ರ ಜೋರಿತ್ತು.

ಆ ವರ್ಷ ನಾಟಿಯ ಹೊತ್ತಿಗೆ ಆಚೆ ದೇಶದ ರಾಜ ಪಚ್ಚೆಕೋಟೆಗೆ ಒಂದು ಉಡುಗೊರೆ ಕಳಿಸಿದ. ಬಿಚ್ಚಿ ನೋಡಿದರೆ ಗೂಟಗಳು. ನೂರ ಹದಿನಾರು ಗೂಟ, ಮನೆಗೊಂದರಂತೆ. ಗೂಟದ ತುದಿಗೆ ತಾಮ್ರದ ಮೂಗು. ಅದು ಮಣ್ಣನ್ನು ಮೂಸಿ ಫೋನಿಗೆ ಸುದ್ದಿ ಹೇಳುತ್ತದೆ. ಫೋನಿನ ಕ್ಯಾಮೆರಾ ಎಲೆಯ ಬಣ್ಣ ನೋಡುತ್ತದೆ. ಎರಡನ್ನೂ ಕೂಡಿಸಿ ಫೋನು ಗೊಬ್ಬರ ಬೇಕೋ ಬೇಡವೋ ಹೇಳುತ್ತದೆ. ಹೀಗೆಂದು ಆಚೆ ದೇಶದ ದೂತ ವಿವರಿಸಿದ. ಎಲ್ಲರ ಫೋನಿಗೂ ಬೇಕಾದ್ದನ್ನು ತುಂಬಿಕೊಟ್ಟು ಹೋದ.

ಫೋನು ಪಚ್ಚೆಕೋಟೆಯಲ್ಲಿ ಎಲ್ಲರಲ್ಲೂ ಇತ್ತು. ಅದರಲ್ಲಿ ಕೋಳಿ ಜಗಳ ನೋಡುತ್ತಿದ್ದರು. ಎದುರು ಮನೆಯವನಿಗೆ ಶುಭೋದಯ ಕಳಿಸುತ್ತಿದ್ದರು. ಕಳಿಸಿ, ಬಾಗಿಲಿಗೆ ಬಂದು, ತಲುಪಿತೇ ಎಂದು ಕೂಗಿ ಕೇಳುತ್ತಿದ್ದರು.

ಗೂಟ ಹಂಚುವ ಕೆಲಸ ದಿವಾನನ ಮೇಲೆ ಬಿತ್ತು. ಅವನು ಚಾವಡಿಯಲ್ಲಿ ನಿಂತು ಒಂದು ಗೂಟವನ್ನು ಎತ್ತಿ ಹಿಡಿದ.

“ನೋಡ್ರಪ್ಪ, ಭೂಮಿ ತಾಯಿಗೆ ಚುಚ್ಚೋ ಸೂಜಿ ಕಳಿಸ್ಯಾರೆ. ನಿಮ್ಮಪ್ಪ ಬೇಸಾಯ ಮಾಡುವಾಗ ಗೂಟ ಕೇಳಿ ಮಾಡಿದ್ನಾ?”

“ಇಲ್ಲ ಧಣಿ,” ಅಂದರು ಎಲ್ಲರೂ. ಅವರ ಅಪ್ಪಂದಿರು ಬಿಳಿ ಗೊಬ್ಬರವನ್ನೂ ಕಂಡವರಲ್ಲ. ಅದು ಆಗ ಯಾರಿಗೂ ನೆನಪಾಗಲಿಲ್ಲ.

“ಒಳ್ಳೆ ಗಟ್ಟಿ ಗೂಟ. ಒಯ್ದು ಆಡು ಕಟ್ಟಿಕೊಳ್ಳಿ,” ಅಂದ ದಿವಾನ.

ಒಯ್ದು ಆಡು ಕಟ್ಟಿದರು. ತಿಪ್ಪವ್ವನ ಪಕ್ಕದ ಗದ್ದೆಯ ಸೂಗಣ್ಣನಂತೂ ಎರಡು ಆಡು ಕಟ್ಟಿ, ಗೂಟದ ತಲೆಗೆ ಟೋಪಿಯನ್ನೂ ನೇತುಹಾಕಿದ.

ತಿಪ್ಪವ್ವನಿಗೆ ಆಡು ಇರಲಿಲ್ಲ. ಅವಳ ಗೂಟ ಗದ್ದೆಗೆ ಹೋದದ್ದು ಅದೊಂದೇ ಕಾರಣಕ್ಕೆ. ಬುದ್ಧಿವಂತಿಕೆಯೇನೂ ಅಲ್ಲ.

ನಾಟಿ ಚಿಗುರಿದ ಮೇಲೆ ಅವಳು ಒಂದು ಎಲೆಗೆ ಕ್ಯಾಮೆರಾ ಹಿಡಿದಳು. ಫೋನು ಹೆಣ್ಣು ದನಿಯಲ್ಲಿ “ತಡಿ” ಅಂದಿತು.

“ಎಲ್ಲರೂ ಹಾಕ್ತಾ ಇದ್ದಾರೆ,” ಅಂದಳು ತಿಪ್ಪವ್ವ.

“ತಡಿ.”

“ನಿನಗೇನೇ ಗೊತ್ತು? ನೆಟ್ಟವಳು ನಾನು!”

“ತಡಿ.”

ತಿಪ್ಪವ್ವ ಫೋನಿಗೆ ನಾಲ್ಕು ಬೈಗುಳ ಬೈದಳು. ಫೋನಿಗೆ ಬೇಜಾರಾಗಲಿಲ್ಲ. ಇದರ ಸುಳ್ಳನ್ನು ಬಯಲು ಮಾಡುತ್ತೇನೆ ಎಂದು ಅವಳು ಒಂದು ಉಪಾಯ ಮಾಡಿದಳು. ಗದ್ದೆಯ ಮೂಲೆಯಲ್ಲಿದ್ದ ಒಂದು ಸಣ್ಣ ಮಡಿಗೆ ಊರವರ ಹಾಗೆ ಮೂರು ಸಲ ಬಿಳಿ ಗೊಬ್ಬರ ಎರಚಿದಳು. ಉಳಿದ ಗದ್ದೆಯನ್ನು ಫೋನು ಹೇಳಿದ ಹಾಗೆ ನಡೆಸಿದಳು. ತಡಿ ಅಂದಾಗ ತಡೆದಳು. “ಮೂಡಲ ಕಡೆಗೆ ಬೇಕು, ಅರ್ಧ ಚೀಲ” ಅಂದಾಗ ಅಷ್ಟೇ ಹಾಕಿದಳು. “ತಿಪ್ಪೆ ಗೊಬ್ಬರ ಬಿದ್ದ ಕಡೆಗೆ ಸಾಕು” ಅಂದಾಗ ಅಲ್ಲಿಗೆ ಹಾಕಲಿಲ್ಲ.

ಮೂಲೆಯ ಮಡಿ ಕಪ್ಪಗೆ ಏರಿತು. ತಿಪ್ಪವ್ವ ಫೋನಿಗೆ ತೋರಿಸಿ, “ನೋಡು, ಹೆಂಗಿದೆ!” ಎಂದು ಹೀಯಾಳಿಸಿದಳು. ಕೆಲವೇ ದಿನಕ್ಕೆ ಗಂಟೆ ಹೊಡೆದು ಕರೆದ ಹಾಗೆ ಜಿಗಿಹುಳು ಅದೇ ಮಡಿಗೆ ಇಳಿಯಿತು. ಪಕ್ಕದ ಮಡಿಯನ್ನು ಮುಟ್ಟಲಿಲ್ಲ. ಒಂದು ಗಾಳಿಗೆ ಆ ಮಡಿಯೊಂದೇ ಮಲಗಿತು. ತಿಪ್ಪವ್ವ ಹೀಯಾಳಿಸುವುದನ್ನು ನಿಲ್ಲಿಸಿದಳು. ಮಲಗಿದ ಪೈರನ್ನು ಕೊಯ್ದು ದನಕ್ಕೆ ಹಾಕಿದಳು.

ಇತ್ತ ದಿವಾನ ಮೂರು ಸಲ ಬಂದ.

ಮೊದಲನೆಯ ಸಲ ಜೀಪಿನಲ್ಲಿ ಬಂದು, ಇಳಿಯದೆಯೇ ಕೂಗಿದ. “ಏನೇ ತಿಪ್ಪವ್ವ, ಗದ್ದೆಗೆ ಕಾಮಾಲೆ ಬಂದಿದೆಯಲ್ಲೇ! ಸೊಪ್ಪು ಅರೆದು ಕುಡಿಸು.”

“ಗದ್ದೆಗೆ ಬಂದಿಲ್ಲ ಧಣಿ. ಕಾಮಾಲೆ ಆದವರಿಗೆ ಎಲ್ಲಾ ಹಾಗೇ ಕಾಣ್ತದಂತೆ,” ಅಂದಳು ತಿಪ್ಪವ್ವ.

ಎರಡನೆಯ ಸಲ ಆಳಿನ ಕೈಯಲ್ಲಿ ನಾಲ್ಕು ಚೀಲ ಬಿಳಿ ಗೊಬ್ಬರ ಹೊರಿಸಿಕೊಂಡು ಬಂದ. “ಸಾಲವಾಗಿ ಇಟ್ಕೋ. ಬಡವರ ಗದ್ದೆ ಹೋದರೆ ನನ್ನ ಕರುಳು ಚುರ್ ಅಂತದೆ,” ಅಂದ. ಅವಳು ಸುರಿದರೆ ಸಾಲದ ಬಡ್ಡಿ ಅವನಿಗೆ, ಸುರಿಯದಿದ್ದರೆ ಗದ್ದೆ ಅವನಿಗೆ.

“ಹತ್ತು ಸಲ ಚುರ್ ಅಂದ ಕರುಳು. ಇನ್ನೂ ಉಳಿದಿದೆಯಾ ಧಣಿ?” ಅಂದಳು. ಆದರೂ ಚೀಲ ಇಳಿಸಿಕೊಂಡಳು. ಒಳಗೊಳಗೇ ಅವಳಿಗೆ ದಿಗಿಲು ಹತ್ತಿತ್ತು.

ಮೂರನೆಯ ಸಲ, ಸವಾರಿಗೆ ಒಂದು ದಿನ ಬಾಕಿ ಇದ್ದಾಗ, ಅವನು ಅಳತೆಯ ಹಗ್ಗ ತಂದ. ತಿಪ್ಪವ್ವನ ಎದುರಿಗೇ ಕಲ್ಲುಮಡಿಯನ್ನು ಉದ್ದಗಲ ಅಳೆಸಿದ.

“ಈ ಕಲ್ಲಿನ ಬದು ತೆಗೆಸಬೇಕು. ಟ್ರ್ಯಾಕ್ಟರ್ ತಿರುಗೋಕೆ ಅಡ್ಡ,” ಅಂದ ಆಳಿಗೆ. ತಿಪ್ಪವ್ವನ ಕಡೆ ತಿರುಗಿ, “ನಾಟಿಗೆ ಕೂಲಿ ಬೇಕಾದರೆ ಬಾ. ನಿನಗೆ ಇಲ್ಲಿನ ಮಣ್ಣು ಗೊತ್ತಲ್ಲ,” ಅಂದ.

ತಿಪ್ಪವ್ವ ಹಗ್ಗ ತಾಗಿ ಜಾರಿದ್ದ ಬದುವಿನ ಕಲ್ಲೊಂದನ್ನು ಎತ್ತಿ ಮತ್ತೆ ಅದರ ಜಾಗದಲ್ಲಿ ಕೂರಿಸಿದಳು.

ದಿವಾನ ಹೋದ ಮೇಲೆ ಅವಳು ಸೂಗಣ್ಣನ ಗದ್ದೆ ನೋಡಿದಳು. ಕಡು ಹಸಿರು. ಆಚೆಯದು ಕಡು ಹಸಿರು. ಸುತ್ತ ಎಲ್ಲ ಕಡು ಹಸಿರು. ನಡುವೆ ಕಲ್ಲುಮಡಿ ಒಂದೇ ಎಳೆ ಬಾಳೆಯೆಲೆಯ ಬಣ್ಣದಲ್ಲಿ ನಿಂತಿತ್ತು. ದಂಟು ಗಟ್ಟಿ, ಹುಳು ಇಲ್ಲ, ಹೊಟ್ಟೆ ತುಂಬ ತೆನೆ. ಆದರೆ ರೇಷ್ಮೆ ಪಟ್ಟೆಗೆ ಹೊಟ್ಟೆ ಕಾಣುವುದಿಲ್ಲ.

“ಇವತ್ತು ನಾಲ್ಕೂ ಚೀಲ ಸುರಿದುಬಿಡು,” ಅಂದ ಸೂಗಣ್ಣ ಬದುವಿನಿಂದ. “ನಾಳೆಗೆ ಅಷ್ಟೋ ಇಷ್ಟೋ ಏರ್ತದೆ. ಭತ್ತ ಹೋದರೂ ಗದ್ದೆ ಉಳೀತದೆ.”

ತಿಪ್ಪವ್ವ ಚೀಲದ ಬಾಯಿ ಬಿಚ್ಚಿದಳು. ಬೊಗಸೆ ತುಂಬ ತೆಗೆದಳು. ತೆಗೆದವಳು ಯಾಕೋ ಫೋನಿನ ಕಡೆ ನೋಡಿದಳು.

“ಬೇಕಾ?”

“ಸಾಕು,” ಅಂದಿತು ಫೋನು.

“ಗದ್ದೆ ಹೋಗ್ತದೆ ಕಣೇ!”

“ಸಾಕು.”

“ನಮ್ಮವ್ವ ಮಾಡಿದ ಗದ್ದೆ!”

“ಸಾಕು.”

ತಿಪ್ಪವ್ವ ಗೊಬ್ಬರವನ್ನು ಚೀಲಕ್ಕೆ ಚೆಲ್ಲಿ, ಫೋನಿನ ಬಾಯಿ ಮುಚ್ಚಿಸಲೆಂದು ಸಿಟ್ಟಿನಿಂದ ಎಲ್ಲ ಗುಂಡಿಯನ್ನೂ ಒತ್ತಿದಳು. ಬಾಯಿ ಮುಚ್ಚಲಿಲ್ಲ. ಒಂದು ನಕ್ಷೆ ತೆರೆಯಿತು. ಅದರಲ್ಲಿ ಇಡೀ ರಾಜ್ಯ ಇತ್ತು. ಮೇಲೆ ಒಂದು ಸಾಲು ಬರಹ ಇತ್ತು: ಗದ್ದೆಯ ಮಣ್ಣಿನಲ್ಲಿರುವ ಗೂಟಗಳು. ಕೆಳಗೆ ಚುಕ್ಕೆಗಳು.

ಆಡು ಕಟ್ಟಿದ ಗೂಟ ಒಣ ನೆಲದಲ್ಲಿರುತ್ತದೆ, ಅದರ ಚುಕ್ಕೆ ಬೆಳಗುವುದಿಲ್ಲ. ಹಾಗಾಗಿ ರಾಜ್ಯವೆಲ್ಲ ಕತ್ತಲು. ಬೆಳಗುತ್ತಿದ್ದದ್ದು ಎರಡೇ ಚುಕ್ಕೆ. ಒಂದು ಕಲ್ಲುಮಡಿಯದು. ಇನ್ನೊಂದು ಎಲ್ಲಿಯದು ಎಂದು ತಿಪ್ಪವ್ವ ಬೆರಳಿನಿಂದ ನಕ್ಷೆ ಹಿಗ್ಗಿಸಿ ನೋಡಿದಳು. ಹಿಗ್ಗಿಸಿದಷ್ಟೂ ಅವಳ ಹುಬ್ಬು ಮೇಲೇರಿತು.

ಎರಡನೆಯ ಚುಕ್ಕೆ ದಿವಾನ ಭರಮಣ್ಣನ ಮನೆಯ ಹಿತ್ತಲಲ್ಲಿತ್ತು.

ತಿಪ್ಪವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದುಕೊಂಡು ದಿವಾನನ ಹಿತ್ತಲ ಬಾಗಿಲಿಗೆ ಹೋದಳು. ಅಡುಗೆಯ ದ್ಯಾಮವ್ವ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಎತ್ತರದ ಗೋಡೆ. ಗೋಡೆಯ ಒಳಗೆ ಒಂದು ಪುಟ್ಟ ಗದ್ದೆ. ಕಲ್ಲುಮಡಿಗಿಂತಲೂ ಒಂದು ಎಳೆ ತಿಳಿ ಬಣ್ಣ. ನಡುವೆ ತಾಮ್ರದ ಮೂಗಿನ ಗೂಟ ನೆಟ್ಟಿತ್ತು. ಅದಕ್ಕೆ ಯಾವ ಆಡನ್ನೂ ಕಟ್ಟಿರಲಿಲ್ಲ.

“ಇದು ಯಾವ ಗದ್ದೆ ದ್ಯಾಮಕ್ಕ?”

“ಧಣ್ಯಾರ ಊಟದ್ದು. ರಸ್ತೆ ಬದಿ ಗದ್ದೆ ಅಕ್ಕಿ ಅವರಿಗೆ ಸೇರೂದಿಲ್ಲ. ಬರೀ ನುಚ್ಚು. ಬೆಳಿಗ್ಗೆ ಮಾಡಿದ ಅನ್ನ ಮಧ್ಯಾಹ್ನಕ್ಕೆ ಹಳಸ್ತದೆ. ಅದನ್ನ ಪೇಟೆಗೆ ಕಳಿಸಿ, ಇದನ್ನ ಉಣ್ತಾರೆ.”

“ಇದಕ್ಕೆ ಬಿಳಿ ಗೊಬ್ಬರ ಎಷ್ಟು ಹಾಕ್ತಾರೆ?”

“ಯವ್ವಾ, ಊಟದ ಗದ್ದೆಗೆ ಯಾರಾದರೂ ಅದನ್ನ ಸುರೀತಾರಾ? ದಿನಾ ಬಂದು ಫೋನು ಹಿಡೀತಾರೆ. ಅದು ಬೇಕು ಅಂದರೆ ಒಂದು ಚಮಚ, ಸಾಕು ಅಂದರೆ ಇಲ್ಲ.”

ತಿಪ್ಪವ್ವ ಮಜ್ಜಿಗೆ ಕೊಟ್ಟು ಮನೆಗೆ ಬಂದಳು. ಆವತ್ತು ಅವಳಿಗೆ ನಿದ್ದೆ ಚೆನ್ನಾಗಿ ಬಂತು.

ಮರುದಿನ ಸವಾರಿ ಹೊರಟಿತು. ಆನೆಯ ಮುಂದೆ ಪಟ್ಟೆ, ಆನೆಯ ಮೇಲೆ ರಾಜ, ಆನೆಯ ಪಕ್ಕದಲ್ಲಿ ದಿವಾನ. ದಿವಾನನ ತಲೆಯ ಮೇಲೆ ಹತ್ತನೆಯ ವರ್ಷದ ರುಮಾಲು. ಹಿಂದೆ ಊರು. ರಸ್ತೆ ಬದಿಯ ದೊಡ್ಡ ಗದ್ದೆಯ ಮುಂದೆ ಪಟ್ಟೆ ಹಿಡಿದರು. ಗದ್ದೆ ಯಾವುದು, ಪಟ್ಟೆ ಯಾವುದು ತಿಳಿಯಲಿಲ್ಲ.

“ಆಹಾ! ದಿವಾನರೆ, ನಿಮ್ಮ ಗದ್ದೆ ರೇಷ್ಮೆ!” ಅಂದ ರಾಜ. ರುಮಾಲು ದಿವಾನನಿಗೆ ಹೋಯಿತು. ಅವನು ಒಂದರ ಮೇಲೆ ಇನ್ನೊಂದನ್ನು ಸುತ್ತಿಕೊಂಡ.

ಕಲ್ಲುಮಡಿಯ ಮುಂದೆ ಪಟ್ಟೆ ಹಿಡಿದರು. ರಾಜ ಮೂಗು ಮುರಿದ.

“ಛೆ, ಇದೇನಮ್ಮ, ನೀರು ಬೆರೆಸಿದ ಹಾಗಿದೆ ಬಣ್ಣ! ಇದಕ್ಕಿಂತ ತಿಳಿ ಎಲ್ಲೂ ಕಾಣಲಿಲ್ಲ. ದಿವಾನರೆ, ಗದ್ದೆ ನಿಮ್ಮದು.”

ದಿವಾನ ತಲೆಬಾಗಿಸಿದ. ಎರಡು ರುಮಾಲಿನ ಭಾರಕ್ಕೆ ಅದು ತಾನಾಗಿಯೇ ಬಾಗಿತು.

ತಿಪ್ಪವ್ವ ಆನೆಗೆ ಅಡ್ಡ ನಿಂತಳು. “ಮಾರಾಜ್ರೆ, ಕಟ್ಟಳೆ ಏನು ಹೇಳ್ತದೆ? ರಾಜ್ಯದ ಎಲ್ಲಾ ಗದ್ದೆ ನೋಡಬೇಕು ಅಂತ ತಾನೆ?”

“ಹೌದು. ನಮ್ಮಜ್ಜನ ಮಾತು.”

“ಹಂಗಾದರೆ ಸವಾರಿ ಮುಗಿದಿಲ್ಲ. ಇನ್ನೊಂದು ಗದ್ದೆ ಬಾಕಿ ಇದೆ.”

“ಇಲ್ಲ ಪ್ರಭು, ಎಲ್ಲಾ ಆಯಿತು. ಹೆಂಗಸಿಗೆ ಗದ್ದೆ ಹೋಗಿ ತಲೆ ಕೆಟ್ಟಿದೆ. ಬಿಸಿಲು ಬೇರೆ,” ಅಂದ ದಿವಾನ.

ತಿಪ್ಪವ್ವ ಫೋನನ್ನು ಎತ್ತಿ ಹಿಡಿದಳು. ರಾಜನಿಗೆ ಮಿನುಗುವುದೆಂದರೆ ಆಸೆ. ಅವನು ಬಗ್ಗಿ ನೋಡಿದ.

“ಇದೊಂದು ಚುಕ್ಕೆ ಯಾವುದು?”

“ನನ್ನ ಗದ್ದೆ.”

“ಅದು?”

“ಅದನ್ನೇ ನೋಡೋಣ ಬನ್ನಿ ಮಾರಾಜ್ರೆ.”

ಆನೆ ತಿರುಗಿತು. ದಿವಾನ ಮುಂದೆ ಓಡಿ, ಆ ದಾರಿ ಸಣ್ಣದು ಅಂದ. ಆನೆ ಹೋಯಿತು. ಆ ಕಡೆ ಹಾವಿದೆ ಅಂದ. ಆನೆ ಹೋಯಿತು. ಹಿತ್ತಲ ಬಾಗಿಲಿಗೆ ಅಡ್ಡ ನಿಂತು, ಹೆಣ್ಣುಮಕ್ಕಳು ಇರುವ ಜಾಗ ಅಂದ. ಆನೆಯ ಮೇಲಿದ್ದವನಿಗೆ ಬಾಗಿಲು ಬೇಕಾಗಲಿಲ್ಲ. ಗೋಡೆಯ ಮೇಲಿಂದಲೇ ಎಲ್ಲ ಕಂಡಿತು. ಆನೆಯ ಮೇಲೆ ಕೂತದ್ದರಿಂದ ರಾಜನಿಗೆ ಪ್ರಯೋಜನವಾದದ್ದು ಅದೊಂದೇ ಸಲ.

ಕೋಲು ಚಾಚಿ ಪಟ್ಟೆ ಹಿಡಿದರು. ಕಲ್ಲುಮಡಿಗಿಂತ ತಿಳಿ.

“ಇದು ಯಾರ ಗದ್ದೆ?” ಅಂದ ರಾಜ.

“ಗದ್ದೆಯಲ್ಲ ಪ್ರಭು, ತಾನಾಗಿ ಬೆಳೆದ ಹುಲ್ಲು,” ಅಂದ ದಿವಾನ.

“ಹುಲ್ಲನ್ನ ಸಾಲು ಹಿಡಿದು ನೆಡ್ತಾರಾ ಧಣಿ?” ಅಂದಳು ತಿಪ್ಪವ್ವ.

“ಇದು ಯಾರ ಗದ್ದೆ?” ಅಂದ ರಾಜ ಎರಡನೆಯ ಸಲ.

“ಆಳುಗಳದು ಪ್ರಭು. ಕದ್ದು ಬೆಳೆದಿದ್ದಾರೆ.”

“ಹಂಗಾದರೆ ಬಲಿತ ಮೇಲೆ ಆಳುಗಳೇ ಕೊಯ್ದುಕೊಳ್ಳಲಿ. ಈಗಲೇ ಕರೆದು ಹೇಳ್ತೀನಿ,” ಅಂದಳು ತಿಪ್ಪವ್ವ. ದಿವಾನನ ಮುಖ ಬಿಳಿಚಿತು. ವರ್ಷದ ಊಟ ಅದು.

“ಯಾರ ಗದ್ದೆ?” ಅಂದ ರಾಜ ಮೂರನೆಯ ಸಲ.

ಗದ್ದಲ ಕೇಳಿ ದ್ಯಾಮವ್ವ ಹೊರಗೆ ಬಂದಳು. “ಧಣ್ಯಾರ ಊಟದ ಗದ್ದೆ ಮಾರಾಜ್ರೆ. ಬಿಳಿ ಗೊಬ್ಬರ ಇಲ್ಲದ್ದು. ನಿಮಗೂ ಒಂದು ತುತ್ತು ಬಡಿಸಲಾ?”

ಊರವರು ಒಬ್ಬರ ಮುಖ ಒಬ್ಬರು ನೋಡಿದರು. ಗೂಟ ನೋಡಿದರು. ಮನೆಯಲ್ಲಿ ಕಟ್ಟಿದ್ದ ಆಡುಗಳು ನೆನಪಾದವು.

ರಾಜ ಮಾತ್ರ ಬೇರೆ ಚಿಂತೆಯಲ್ಲಿದ್ದ. ಅವನಿಗೆ ಕಟ್ಟಳೆ ಬಿಡಿಸಲು ಬರಲಿಲ್ಲ. “ತಿಳಿ ಗದ್ದೆ ದಿವಾನರದು. ಕಿತ್ತು ರುಮಾಲಿನವರಿಗೆ ಕೊಡಬೇಕು. ರುಮಾಲಿನವರೂ ದಿವಾನರೇ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು?”

ಅವನು ಯೋಚಿಸುತ್ತ ಕೂತ. ಆನೆ ಯೋಚಿಸಲಿಲ್ಲ. ಗೋಡೆಯ ಮೇಲಿಂದ ಸೊಂಡಿಲು ಇಳಿಸಿ ಒಂದು ಹಿಡಿ ಕಿತ್ತು ತಿಂದಿತು. ರುಚಿ ಹತ್ತಿತು. ಗೋಡೆಗೆ ಹಣೆ ಒತ್ತಿತು. ಗೋಡೆ ಬಿತ್ತು. ಆನೆ ಒಳಗೆ ನಡೆದು ಊಟಕ್ಕೆ ನಿಂತಿತು. ರಾಜನ ಯೋಚನೆ ಮುಗಿಯುವ ಹೊತ್ತಿಗೆ ಗದ್ದೆಯಲ್ಲಿ ಗೂಟ ಒಂದೇ ಉಳಿದಿತ್ತು.

“ಸರಿ ಹೋಯಿತು. ಕಿತ್ತು ಕೊಡಲು ಗದ್ದೆಯೇ ಇಲ್ಲ. ಈ ವರ್ಷ ಯಾರ ಗದ್ದೆಯೂ ಯಾರಿಗೂ ಇಲ್ಲ,” ಅಂದ ರಾಜ. ತನ್ನ ನ್ಯಾಯಕ್ಕೆ ತಾನೇ ಮೆಚ್ಚಿ ಮೀಸೆ ಸವರಿದ.

ಕಲ್ಲುಮಡಿ ಉಳಿಯಿತು. ತಿಪ್ಪವ್ವ ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

“ಮಾರಾಜ್ರೆ, ಪಾಪ ದಿವಾನ್ರ ಊಟ ಆನೆ ತಿಂತು. ರುಮಾಲು ಗೆದ್ದ ಗದ್ದೆ ರೇಷ್ಮೆಯಂಥದ್ದು. ಅದರ ಅನ್ನವನ್ನೇ ಅವರು ವರ್ಷವೆಲ್ಲ ಉಂಡರೆ ಎಂಥ ಮರ್ಯಾದೆ! ಅರಮನೆಯವರೇ ನಿಂತು ಬಡಿಸಬೇಕು.”

“ಒಳ್ಳೆ ಮಾತು! ಹಾಗೇ ಆಗಲಿ,” ಅಂದ ರಾಜ.

“ಅಷ್ಟು ದೊಡ್ಡ ಮರ್ಯಾದೆ ನನಗೆ ಬೇಡ ಪ್ರಭು,” ಅಂದ ದಿವಾನ.

“ನಾಚಿಕೆ ಪಡಬೇಡಿ,” ಅಂದ ರಾಜ.

ರಾಜ ಬೆಟ್ಟಕ್ಕೆ ಹೊರಟ. ಆನೆ ಹೊರಡಲಿಲ್ಲ. ರಸ್ತೆ ಬದಿಯ ಗದ್ದೆಯಿಂದ ಒಂದು ಹೊರೆ ಕೊಯ್ದು ಮುಂದಿಟ್ಟರು. ಮೂಸಿ ಮುಖ ತಿರುಗಿಸಿತು. ತಿಪ್ಪವ್ವ ಕಲ್ಲುಮಡಿಯ ಅಂಚಿನಿಂದ ಒಂದು ಹಿಡಿ ತಂದುಕೊಟ್ಟಳು. ಅದನ್ನು ತಿಂದು, ಆ ಬದುವಿನ ಹತ್ತಿರವೇ ಮಲಗಿತು. ಆನೆ ಇಲ್ಲದೆ ರಾಜ ಎಲ್ಲಿಗೂ ಹೋಗುವವನಲ್ಲ. ಹೀಗೆ ಮೊದಲ ಬಾರಿಗೆ ಅವನು ಕೊಯ್ಲಿನವರೆಗೆ ಊರಿನಲ್ಲಿ ಉಳಿದ.

ನಡುವೆ ಒಂದು ಸಂಜೆ ಗಾಳಿಮಳೆ ಬಂತು. ರೇಷ್ಮೆಯಂಥ ಗದ್ದೆಗಳೆಲ್ಲ ಚಾಪೆ ಹಾಸಿದ ಹಾಗೆ ಮಲಗಿದವು. ದಿವಾನನದು ಮೊದಲು ಮಲಗಿತು. ಕಲ್ಲುಮಡಿ ಬಾಗಿ ಎದ್ದು ನಿಂತಿತು. ಕಣದಲ್ಲಿ ತೂರಿದಾಗ ದಿವಾನನ ಭತ್ತದಲ್ಲಿ ಹೆಚ್ಚಿನದು ಗಾಳಿಯ ಜೊತೆಗೇ ಹೋಯಿತು. ಬರೀ ಜೊಳ್ಳು. ತಿಪ್ಪವ್ವನ ಭತ್ತ ನೆಟ್ಟಗೆ ಕಾಲ ಬುಡಕ್ಕೆ ಬಿತ್ತು. ಅವಳು ಹಾಕಿದ್ದು ಊರವರ ಗೊಬ್ಬರದ ಮೂರರಲ್ಲಿ ಒಂದು ಪಾಲು.

ರಾಜ ಕಾಳನ್ನು ಬೆರಳಲ್ಲಿ ಹಿಡಿದು ನೋಡಿದ. “ಇದೇನು, ಹಳದಿ ಬಣ್ಣ?”

“ಇದೇ ಭತ್ತ ಮಾರಾಜ್ರೆ,” ಅಂದಳು ತಿಪ್ಪವ್ವ.

“ಹಾಗಾದರೆ ಇಷ್ಟು ವರ್ಷ ನಾನು ನೋಡಿದ್ದು?”

“ಅದು ದನದ ಮೇವು.”

ದಿವಾನನಿಗೆ ಊಟ ಬಡಿಸುವ ಮರ್ಯಾದೆ ಶುರುವಾಯಿತು. ರಾಜನ ಎದುರು, ಊರಿನ ಎದುರು, ಬೆಳ್ಳಿ ತಟ್ಟೆಯಲ್ಲಿ ರೇಷ್ಮೆ ಗದ್ದೆಯ ನುಚ್ಚಿನ ಅನ್ನ. ಮೊದಲನೆಯ ದಿನ ದಿವಾನ ಕಣ್ಣು ಮುಚ್ಚಿ ನುಂಗಿ, “ಅಮೃತ” ಅಂದ. ಎರಡನೆಯ ದಿನ, “ಹೊಟ್ಟೆ ಸರಿಯಿಲ್ಲ” ಅಂದ. ಮೂರನೆಯ ದಿನ ತಟ್ಟೆ ದೂಡಿದ.

“ಸಾಕು! ಈ ಗದ್ದೆಯ ಅನ್ನ ನಾಯಿಗೂ ಬೇಡ. ನನಗೆ ಈ ರುಮಾಲೂ ಬೇಡ!”

“ಕೇಳಿದಿರಾ ಮಾರಾಜ್ರೆ, ರುಮಾಲು ಬೇಡವಂತೆ,” ಅಂದಳು ತಿಪ್ಪವ್ವ. “ಹಂಗಾದರೆ ರುಮಾಲಿನ ಬೆನ್ನಿಗೆ ಬಂದ ಹತ್ತು ಗದ್ದೆಗಳೂ ಅವರಿಗೆ ಬೇಡ. ಧಣಿ, ಹೌದಲ್ಲ? ಬೇಕು ಅಂದರೆ ಉಣ್ಣಿ. ಇನ್ನೊಂದು ತುತ್ತು ಬಡಿಸ್ತಾರೆ.”

ಬಡಿಸುವವನು ಸೌಟು ಎತ್ತಿದ. ದಿವಾನ ಸೌಟು ನೋಡಿದ. ಊರು ದಿವಾನನನ್ನು ನೋಡಿತು.

“ಬೇಡ,” ಅಂದ ದಿವಾನ.

ಹತ್ತು ಗದ್ದೆಗಳು ಹತ್ತು ಮನೆಗೆ ಮರಳಿದವು. ಉಗ್ರಾಣದ ಬೀಗದ ಕೈ ಅವನ ಸೊಂಟದಿಂದ ಇಳಿಯಿತು. ರಾಜ ರೇಷ್ಮೆ ಪಟ್ಟೆಯನ್ನು ಕತ್ತರಿಸಿ ಆನೆಗೆ ಕಾಲೊರಸು ಮಾಡಿಸಿದ. ಸವಾರಿಯನ್ನು ಕಣಕ್ಕೆ ಬದಲಾಯಿಸಿದ. ಅದನ್ನೂ ಆನೆಯ ಮೇಲೆ ಕೂತೇ ಮಾಡಿದ. ರಾಜರು ಒಂದು ವರ್ಷದಲ್ಲಿ ಕಲಿಯುವುದು ಅಷ್ಟೇ.

ಮಕ್ಕಳೆ, ಇದರ ನೀತಿ ಇಷ್ಟು. ಪೈರಿಗೆ ಎಷ್ಟು ಬೇಕು ಎಂದು ಪೈರನ್ನು ಕೇಳಿ, ಮಣ್ಣನ್ನು ಕೇಳಿ. ಕೇಳಿ ಹೇಳುವ ಯಂತ್ರ ಕೈಯಲ್ಲಿದ್ದರೆ ಅದನ್ನು ಕೇಳಿ. ಗೊಬ್ಬರ ಮಾರುವವನನ್ನು ಕೇಳಬೇಡಿ. ಅವನು ತನ್ನ ಊಟದ ಗದ್ದೆಗೆ ಏನು ಹಾಕುತ್ತಾನೆ ಎಂದು ಗೋಡೆ ಹತ್ತಿ ನೋಡಿ.

ಮುಂದಿನ ಮುಂಗಾರಿಗೆ ಪಚ್ಚೆಕೋಟೆಯವರು ಆಡು ಬಿಚ್ಚಿ ಗೂಟಗಳನ್ನು ಗದ್ದೆಗೆ ಒಯ್ದರು. ಮೊದಲಿಂದಲೂ ತಮಗೆ ಗೊತ್ತಿತ್ತು ಎಂದು ಪ್ರತಿಯೊಬ್ಬರೂ ಹೇಳಿಕೊಂಡರು. ದಿವಾನನೂ ಬಿದ್ದ ಗೋಡೆಯೊಳಗೆ, ಈಗ ಎಲ್ಲರಿಗೂ ಕಾಣುವ ಹಾಗೆ, ತನ್ನ ಗೂಟ ನೆಟ್ಟುಕೊಂಡು ನಾಟಿ ಮಾಡಿದ. ಸೂಗಣ್ಣ ಮಾತ್ರ ಒಪ್ಪಲಿಲ್ಲ. ಆಡುಗಳಿಗೆ ಆ ಗೂಟವೇ ರೂಢಿಯಾಗಿದೆ ಅಂದ, ಟೋಪಿಗೆ ಬೇರೆ ಜಾಗ ಇಲ್ಲ ಅಂದ.

ತಿಪ್ಪವ್ವ ಕಲ್ಲಿನ ಬದುವಿನ ಮೇಲೆ ಕೂತು ನಕ್ಷೆ ತೆರೆದಳು. ಗೂಟಗಳು ನೂರ ಹದಿನಾರು. ಬೆಳಗುತ್ತಿದ್ದ ಚುಕ್ಕೆ ನೂರ ಹದಿನೈದು.